ಹೆಸರು ತೆಗೆದ ಧ್ವನಿ

ಭಾನುವಾರ ಬೆಳಿಗ್ಗೆ

ಅಕ್ಕನಿಗೆ,

ಕ್ಷೇಮ ವಿಚಾರಿಸುವ ಪತ್ರವಲ್ಲ ಇದು. ಸಿಟ್ಟು ನೆತ್ತಿಗೇರಿದೆ. ಸಿಟ್ಟು ಬಂದರೆ ನನ್ನ ತೊದಲು ಹೆಚ್ಚಾಗುತ್ತದೆಂದು ನಿನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನೀನು ಕಳಿಸಿದ ಲಿಂಕನ್ನು ನಮ್ಮ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಹಾಕಿದೆ. ತೊದಲುವವರ ಮಾತೂ ಅರ್ಥವಾಗುವ ಯಂತ್ರವನ್ನು ನಮ್ಮಕ್ಕನ ಕಂಪನಿ ಮಾಡಿದೆ ಎಂದು ಜಂಬ ಬೇರೆ ಕೊಚ್ಚಿಕೊಂಡೆ. ಹಲ್ಲಿನ ಸೆಟ್ಟಿಗೆ ಪಾಲಿಶ್ ಮಾಡುತ್ತಿದ್ದ ಹಿರಿಯರೊಬ್ಬರು ಮೋಟಾರು ನಿಲ್ಲಿಸಿ ಬಂದರು. ಮಾದರಿ ಎಂದು ಮೊದಲು ಕೇಳಿಸಿದ್ದೇ ನನ್ನ ಧ್ವನಿ. ಮಗು ಹೊಟ್ಟೆಯಲ್ಲೇ ಹೋಯಿತು ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿನಗೊಬ್ಬಳಿಗೇ ಕಳಿಸಿದ ವಾಯ್ಸ್ ಮೆಸೇಜು. ಹೆಸರು ಬಂದ ಕಡೆ ಮಾತ್ರ ಕುಂಯ್ ಎಂಬ ಸದ್ದು. ಆಗ ನಾನು ಲ್ಯಾಬಿನಲ್ಲಿ ಕಾಮಾಲೆ ಎಂದು ಸುಳ್ಳು ಹೇಳಿ ರಜೆ ಹಾಕಿದ್ದೆ. ಆ ಹಿರಿಯರು ಸೆಟ್ಟನ್ನು ಒರೆಸುತ್ತಲೇ ನಿಂತರು.

ಕೂಡಲೇ ಫೋನ್ ಮಾಡಿದರೆ, ಹೆಸರು ತೆಗೆದಿದ್ದೀವಲ್ಲ, ಯಾರಿಗೆ ಗೊತ್ತಾಗುತ್ತೆ ಎಂದೆ ನೀನು. ನನ್ನ ತೊದಲು ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳು? ಹೆಸರಿಗಿಂತ ಮೊದಲು ಅದೇ ನನ್ನ ಗುರುತು. ನಿನ್ನಂಥವರಿಗೇ ಒಳ್ಳೆಯದಾಗಲಿ ಅಂತ ಕಂಪನಿಗೆ ಕೊಟ್ಟೆ ಎಂದೂ ನೀನೇ ಹೇಳಿದೆ. ನನಗೆ ಒಳ್ಳೆಯದು ಮಾಡುವ ಮುಂಚೆ ನನ್ನನ್ನೊಂದು ಮಾತು ಕೇಳಲು ನಿನಗೇನಾಗಿತ್ತು? ಕೇಳಿದ್ದರೆ ಹಾಲು ತರಲು ಹೇಳಿದ ಮೆಸೇಜು, ಭಾವನನ್ನು ಆಡಿಕೊಂಡ ಮೆಸೇಜು, ಎಷ್ಟು ಬೇಕೋ ಅಷ್ಟು ಕೊಡುತ್ತಿದ್ದೆ. ಅಳುವಾಗ ತೊದಲು ಜಾಸ್ತಿ, ಯಂತ್ರಕ್ಕೆ ಅಂಥದ್ದೇ ಬೇಕಿತ್ತಂತೆ. ನಿನ್ನ ಹೊಟ್ಟೆ ತಣ್ಣಗಿರಲಿ!

ನಿನ್ನೆ ನೀನು ತಿಳಿಸಿದ್ದು: ವೆಬ್‌ಸೈಟಿನಿಂದ ಅದನ್ನು ತೆಗೆಸಿದ್ದೇನೆ, ಆದರೆ ಯಂತ್ರ ಕಲಿತದ್ದನ್ನು ಮರೆಸಲು ಆಗುವುದಿಲ್ಲ. ಅಂದರೆ ನನ್ನ ಮಗುವಿನ ಸಾವು ಇನ್ನು ನಿಮ್ಮ ಕಂಪನಿಯ ಸ್ವತ್ತು. ನಿನ್ನ ಹತ್ತಿರ ಇರುವ ನನ್ನ ಮೆಸೇಜುಗಳನ್ನೆಲ್ಲ ಅಳಿಸಿಹಾಕು. ಅಳಿಸಿದೆ ಎಂದರೂ ನಾನು ನಂಬಲಾರೆ. ಅಂಥ ಕೆಲಸ ಮಾಡಿಟ್ಟಿದ್ದೀಯ ನೀನು. ಇನ್ನು ಮುಂದೆ ನನ್ನ ಧ್ವನಿ ನಿನಗೆ ಕೇಳಿಸುವುದಿಲ್ಲ.

ನಿನ್ನ ತಂಗಿ

ಇನ್ನೊಂದು ಮಾತು: ನಿನ್ನೆ ಸಂಜೆ ಕರೆಂಟು ಹೋಗಿತ್ತು. ದೂರು ಕೊಡುವ ಫೋನಿನಲ್ಲಿ ಈಗ ನಿಮ್ಮ ಯಂತ್ರವನ್ನೇ ಕೂರಿಸಿದ್ದಾರೆ. ವಿಳಾಸ ಹೇಳಲು ಎಷ್ಟು ತಡವರಿಸಿದರೂ ಅದು ಫೋನ್ ಇಡಲಿಲ್ಲ, ನಡುವೆ ಬಾಯಿ ಹಾಕಲಿಲ್ಲ, ಸುಮ್ಮನೆ ಕಾಯಿತು. ಹಾಗೆ ಕಾಯುತ್ತಿದ್ದವಳು ನೀನೊಬ್ಬಳೇ. ಅತ್ತುಬಿಟ್ಟೆ. ಇದನ್ನಾದರೂ ನನ್ನನ್ನು ಕೇಳದೆ ಆಫೀಸಿನಲ್ಲಿ ಹೇಳಬೇಡ.