ನಿನ್ನ ದನಿಯಿರುವ ಆ್ಯಪ್

ಗಿಂಬಾಲ್, ಇಲೋಯ್ಲೋ
ಅಕ್ಟೋಬರ್ ೧೧, ಶನಿವಾರ

ಪ್ರೀತಿಯ ಮಗಳು ನೋರ್ಮಿಟಾಳಿಗೆ,

ಹೇಗಿದ್ದೀಯೆ? ಬೆನ್ನುನೋವು ಇಳಿಯಿತೆ? ಹೊತ್ತಿಗೆ ಸರಿಯಾಗಿ ಅನ್ನ ತಿನ್ನು. ನೀನು ಕೆಲಸಕ್ಕಿರುವ ಆ ಮನೆಯವರು ಬಿಟ್ಟ ಬ್ರೆಡ್ಡು ಕಡಿದುಕೊಂಡು ದಿನ ತಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಮಂಡಿಯೊಂದನ್ನು ಬಿಟ್ಟು. ಫೋನಿನಲ್ಲೇ ಮಾತಾಡೋಣವೆಂದರೆ ನಿನ್ನ ಮಗಳು ವೆಲಿನ್ ನನ್ನ ಕೊರಳಿಗೆ ಜೋತುಬಿದ್ದೇ ಇರುತ್ತಾಳೆ. ಅದಕ್ಕೇ ನಾಳೆ ಹಾಂಗ್‌ಕಾಂಗಿಗೆ ಮರಳುವ ಪಕ್ಕದ ಮನೆಯ ಲುಜ್ವಿಮಿಂಡಾಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಜೊತೆಗೆ ಒಣಮೀನೂ ಇದೆ, ನೀನೊಬ್ಬಳೇ ತಿನ್ನು.

ಎರಡನೇ ಕ್ಲಾಸಿಗೆ ಬಂದರೂ ವೆಲಿನ್ ಓದುವುದಿಲ್ಲವೆಂದು ಎಡ್ನಾ ಮೇಡಂ ಮತ್ತೆ ಕರೆಸಿದ್ದರು. ಕ್ರಿಸ್‌ಮಸ್ ರಜೆಗೆ ಮುಂಚೆ ಇನ್ನೊಮ್ಮೆ ಓದಿಸಿ ನೋಡುತ್ತಾರಂತೆ. ಬಾರದಿದ್ದರೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸುತ್ತಾರಂತೆ. ಕೇಳಿ ನನ್ನ ಜೀವವೇ ಹೋದಂತಾಯಿತು. ನಾವೇನು ಕಡಿಮೆ ಒದ್ದಾಡಿದ್ದೇವೆಯೆ ಹೇಳು! ನೀನು ಮೊದಲು ಹಾಕಿಸಿದ ಇಂಗ್ಲಿಷ್ ಆ್ಯಪ್ ಸರಿ ಒತ್ತಿದರೂ ಭೇಷ್ ಅನ್ನುತ್ತಿತ್ತು, ತಪ್ಪು ಒತ್ತಿದರೂ ಭೇಷ್ ಅನ್ನುತ್ತಿತ್ತು. ಹಾಗೆ ಹೊಗಳುವವರನ್ನು ನಾನು ಚುನಾವಣೆ ಸಮಯದಲ್ಲಿ ಮಾತ್ರ ನೋಡಿದ್ದೆ. ಅವಳು ಚಿತ್ರ ನೋಡಿ ಒತ್ತಿ ಒತ್ತಿ ಪರದೆ ತುಂಬ ನಕ್ಷತ್ರ ಗಳಿಸಿದಳು, ಒಂದಕ್ಷರ ಕಲಿಯಲಿಲ್ಲ. ಆಮೇಲಿನ ವೆಬ್‌ಸೈಟಿನಲ್ಲಿ ಕಥೆಗಳು ನಮ್ಮ ಇಲೊಂಗೊ ಭಾಷೆಯಲ್ಲೇ ಇದ್ದವು, ನಿಜ. ಆದರೆ ಎರಡು ಸಾಲಿಗೊಂದು ಸೋಪಿನ ಜಾಹೀರಾತು ಹಾರಿಬಂದು ಮಗುವಿನ ತಲೆ ಕೆಡಿಸಿತು.

ಕೊನೆಗೆ ಮೇಡಂ ತೋರಿಸಿದ್ದು ಈಗಿರುವ ಆ್ಯಪ್. ಮನೆಯವರೇ ಕಥೆ ಓದಿ ದನಿ ತುಂಬಬಹುದು. ಓದಿದ ಹಾಗೆಲ್ಲ ಆಯಾ ಪದ ಬೆಳಗುತ್ತದೆ. ಭಾನುವಾರದ ರಜೆಯಲ್ಲಿ ರಸ್ತೆಬದಿಗೆ ರಟ್ಟು ಹಾಸಿಕೊಂಡು, ಗೆಳತಿಯರ ಗಲಾಟೆಯ ನಡುವೆ ನೀನು ಕಥೆಗಳನ್ನು ಓದಿ ಕಳಿಸಿದೆಯಲ್ಲ, ಅವನ್ನು ವೆಲಿನ್ ದಿನಾ ಕೇಳುತ್ತಾಳೆ. ಪದದ ಕೆಳಗೆ ಬೆರಳಿಟ್ಟುಕೊಂಡೇ ಕೇಳುತ್ತಾಳೆ. ಆದರೆ ದನಿ ನಿಲ್ಲಿಸಿ ನೀನು ಓದೇ ಅಂದರೆ ಮುಖ ಸಣ್ಣದು ಮಾಡಿ, "ನಂಗೆ ಬರಲ್ಲ ಲೋಲಾ" ಅನ್ನುತ್ತಾಳೆ. ಅವಳ ಲೋಲಾ, ಈ ಅಜ್ಜಿ, ಬೈದದ್ದೂ ಆಯಿತು, ಮುದ್ದು ಮಾಡಿದ್ದೂ ಆಯಿತು. ಮೊನ್ನೆ ನೀನು, "ಅದ್ರಿಂದ ಅವ್ಳಿಗೆ ಸೋಮಾರಿತನ ಬಂದಿದೆ ಅಮ್ಮಾ, ಅಳಿಸಿಬಿಡು" ಅಂದೆ. ಮೇಡಮ್ಮೂ ಹ್ಞೂಂ ಅಂದರು. ನಿನ್ನ ದನಿ ಅಳಿಸಲು ನನಗೆ ಕೈ ಬರುವುದಿಲ್ಲ ಮಗಳೇ. ಆದರೂ ಮಗುವಿನ ಒಳ್ಳೆಯದಕ್ಕಲ್ಲವೆ, ನಾಳೆ ಚರ್ಚಿನ ಪೂಜೆ ಮುಗಿಸಿ ಬಂದು ಅಳಿಸುತ್ತೇನೆ.

ನಿನ್ನ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು. ದೇವಮಾತೆ ನಿನ್ನ ಬೆನ್ನಿಗಿರಲಿ, ಆ ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ನೀನೂ ಮರೆಯಬೇಡ.

ನಿನ್ನ ತಾಯಿ
ಕೊನ್ಸೊರ್ಸಿಯಾ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಪುಣ್ಯ! ಆ್ಯಪ್ ಅಳಿಸುವುದಿಲ್ಲ, ನೀನು ಬೈದರೂ ಅಳಿಸುವುದಿಲ್ಲ. ಮಧ್ಯಾಹ್ನ ಪಟ್ಟಣದಲ್ಲಿ ಕನ್ನಡಕ ರಿಪೇರಿಗೆ ಕೊಟ್ಟು, ದೂರದ್ದೆಲ್ಲ ಮಂಜಾಗಿ, ಎದುರು ನಿಂತ ಬಾಡಿಗೆಯ ಜೀಪ್ನಿ ಹತ್ತಲು ಹೋದೆ. ವೆಲಿನ್ ನನ್ನ ಲಂಗ ಹಿಡಿದೆಳೆದು, "ಇದಲ್ಲ ಲೋಲಾ, ಇದು ಓಟನ್‌ವರೆಗೆ ಮಾತ್ರ. ನಮ್ದು ಹಿಂದಿದೆ" ಅಂದಳು. ಬೋರ್ಡು ಓದಿದ್ದಳು! ಅಯ್ಯೋ ಕಳ್ಳಿ, ನಿನಗೆ ಓದಲು ಬರುತ್ತದೆಯೇನೇ ಅಂದದ್ದೇ ತಡ, ಜೀಪಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಆ ಮನೆಯ ಹುಡುಗ ಈಗ ತಾನಾಗಿಯೇ ಓದಿಕೊಳ್ಳುತ್ತಾನೆ, ಮಲಗುವಾಗ ನಾನು ಕಥೆ ಓದಬೇಕಾಗಿಲ್ಲ ಎಂದು ನೀನು ಫೋನಿನಲ್ಲಿ ಜಂಬದಿಂದ ಹೇಳಿದೆಯಲ್ಲ, ಅದನ್ನು ಇವಳು ಕೇಳಿಸಿಕೊಂಡಿದ್ದಾಳೆ. "ನಂಗೂ ಬರತ್ತೆ ಅಂತ ಗೊತ್ತಾದ್ರೆ ಅಮ್ಮ ನಂಗೂ ಓದೋದು ನಿಲ್ಲಿಸ್ತಾಳೆ ಲೋಲಾ" ಅಂದಳು. ನನಗೂ ಅಳು ತಡೆಯಲಾಗಲಿಲ್ಲ. ಹೊಸ ಕಥೆ ಓದಿ ಕಳಿಸು ನೋರ್ಮಿಟಾ. ನಿನಗೆ ಓದಲು ಬಂದರೂ ನಾನು ಓದುತ್ತಲೇ ಇರುತ್ತೇನೆ ಎಂದು ನಿನ್ನ ಬಾಯಿಂದಲೇ ಅವಳಿಗೆ ಹೇಳು. ಆಗ ಮೇಡಂ ಎದುರು ತಾನಾಗಿಯೇ ಓದುತ್ತಾಳೆ. ನಾನು ಬರೆದೆನೆಂದು ಮಾತ್ರ ಹೇಳಬೇಡ, ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.