ತೆಪ್ಪಕ್ಕೆ ಇಬ್ಬರು

ಮಾರ್ಚ್ 4, ಬೆಳಿಗ್ಗೆ. ಮೊಂಟೆವಿಡಿಯೊ

ಮತ್ತೆ ಮುಚ್ಚಿದ್ದಾರೆ. ದೊಡ್ಡ ಕಂಪನಿಯವರು ದಾರಿ ಮುಚ್ಚುವ ಅಪ್‌ಡೇಟ್ ಬಿಟ್ಟರು, ನಮ್ಮ ‘ತೆಪ್ಪ’ ನಿಂತಿತು. ಬೇರೆ ಆ್ಯಪ್‌ಗಳಿಂದ ಅವರ ಆ್ಯಪ್‌ಗೆ ಮೆಸೇಜ್ ದಾಟಿಸುವುದಷ್ಟೇ ನಮ್ಮ ಕೆಲಸ. ಅವರಿಗೆ ಅದೇ ಕಣ್ಣುರಿ.

ವಿಲ್ಮಾರ್ ಎಂದಿನಂತೆ ಮಾಟೆ ಎಲೆಯ ಕಷಾಯಕ್ಕೆ ಬಿಸಿನೀರಿನ ಫ್ಲಾಸ್ಕ್ ಕಂಕುಳಲ್ಲಿ ಇಟ್ಟುಕೊಂಡೇ ಬಂದ. ತೆಪ್ಪಕ್ಕೆ ಇರುವುದು ನಾವಿಬ್ಬರೇ. "ಬಾ ಮಿರ್ತಾ, ಮಾಟೆ ಕುಡೀತಾ ತೆಪ್ಪದ ತೂತು ಮುಚ್ಚೋಣ."

ಮಾರ್ಚ್ 6

ಸರಿಯಾಯಿತು. ಸಂಜೆಗೆ ಮತ್ತೆ ಹೋಯಿತು. ಸಾಕುಸಾಕಾಗಿದೆ.

ಏಪ್ರಿಲ್ 22

ಸ್ಪರ್ಧಾ ಆಯೋಗದಲ್ಲಿ ನಮ್ಮ ದೂರಿನ ವಿಚಾರಣೆ. ಕಂಪನಿಯ ವಕೀಲ ಹೊರದೇಶದವನು, ನಗುಮುಖ. "ನಾವು ಯಾರನ್ನೂ ಕಟ್ಟಿಹಾಕಿಲ್ಲ. ಬೇಡ ಅನ್ನೋರು ಬೇರೆ ಆ್ಯಪ್‌ಗೆ ಹೋಗ್ಬಹುದಲ್ಲ?"

ವಿಲ್ಮಾರ್ ಎದ್ದ. "ಹೋಗ್ಬಹುದು ಸ್ವಾಮಿ. ನಮ್ಮತ್ತೆ, ಮಗಳ ಸ್ಕೂಲು, ಸಿಲಿಂಡರ್ ತರೋನು... ಎಲ್ಲಾರ್ನೂ ಹೆಗಲ ಮೇಲೆ ಹೊತ್ಕೊಂಡು ಹೋಗ್ಬೇಕು, ಅಷ್ಟೇ."

ಆಯೋಗದ ಅಧ್ಯಕ್ಷೆಯೂ ನಕ್ಕರು.

ಕಾರಿಡಾರಿನಲ್ಲಿ ವಕೀಲನಿಗೂ ಮಾಟೆ ಕೊಟ್ಟೆವು. ಒಂದೇ ಸೋರೆಬುರುಡೆ, ಒಂದೇ ಕೊಳವೆ, ಸರದಿ ಪ್ರಕಾರ. ಮೊದಲ ಸಲವೇ "ಗ್ರಾಸಿಯಾಸ್" ಎಂದುಬಿಟ್ಟ, ಉಪಚಾರಕ್ಕೆ. ಪಾಪ. ಮಾಟೆ ಕುಡಿಯುವಾಗ ಧನ್ಯವಾದ ಹೇಳಿದರೆ, ನನಗೆ ಸಾಕು, ಇನ್ನು ಕೊಡಬೇಡಿ ಎಂದರ್ಥ. ಸರದಿ ಅವನನ್ನು ದಾಟಿ ಹೋಯಿತು. ಕೈ ಚಾಚಿಕೊಂಡೇ ನಿಂತಿದ್ದ.

"ಹೊರಗೆ ನಿಲ್ಲೋದು ಹೇಗಿರತ್ತೆ ಅಂತ ಸ್ವಲ್ಪ ನೋಡ್ಲಿ ಬಿಡು," ವಿಲ್ಮಾರ್ ಕಿವಿಯಲ್ಲಿ ಹೇಳಿದ. ಎಷ್ಟೋ ದಿನದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಜುಲೈ 15

ತೀರ್ಪಿಲ್ಲ. ಇನ್ನೂ ಅಧ್ಯಯನ ನಡೆಯುತ್ತಿದೆಯಂತೆ. ಚಳಿ. ತೆಪ್ಪ ಬಳಸುವವರು ಬೈಯುವುದನ್ನೂ ಬಿಟ್ಟಿದ್ದಾರೆ — ಅದೇ ಹೆದರಿಕೆ.

ವಿಲ್ಮಾರ್‌ಗೆ ಆ ಕಂಪನಿಯಿಂದಲೇ ಕೆಲಸಕ್ಕೆ ಕರೆ ಬಂದಿದೆ ಎಂದು ಯಾರೋ ಹೇಳಿದರು. ಅವನನ್ನೇ ಕೇಳಿದೆ.

"ನೀರು ಆರಿಹೋಗಿದೆ, ಕಾಯಿಸ್ಕೊಂಡು ಬರ್ತೀನಿ ತಾಳು," ಎಂದ.

ನನ್ನೊಬ್ಬಳಿಂದ ಇದು ಆಗದು. ಅವನು ಇರುವವರೆಗೆ ತೆಪ್ಪ. ಬರೆಯುವಾಗಲೇ ಭಯವಾಗುತ್ತಿದೆ.

ಆಗಸ್ಟ್ 12

ಮತ್ತೆ ಮುಚ್ಚಿದ್ದಾರೆ. ಲ್ಯಾಪ್‌ಟಾಪ್ ತೆರೆದು ಕಾದೆ. ತಡವಾಗಿ ಬಂದ. ಕಂಕುಳಲ್ಲಿ ಫ್ಲಾಸ್ಕ್ ಇಲ್ಲ.

ನಾನೇ ಬುರುಡೆಗೆ ಎಲೆ ತುಂಬಿ, ಬಿಸಿನೀರು ಹೊಯ್ದು ಕೊಟ್ಟೆ. ಕೊಳವೆ ಗೊರಗೊರ ಅನ್ನುವ ತನಕ ಕುಡಿದ. ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ. ಮುಖ ನೋಡಲಿಲ್ಲ.

"ಗ್ರಾಸಿಯಾಸ್, ಮಿರ್ತಾ."

ಕೇಳಿಸಲೇ ಇಲ್ಲ ಎಂಬಂತೆ ಮತ್ತೆ ನೀರು ಹೊಯ್ದು ಅವನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ; ಆ ವಕೀಲನ ಹಾಗೆ ನಾನೇ ಕೈ ಚಾಚಿಕೊಂಡು ನಿಂತೆ.