ಬೇರಿಗಂಟಿದ ಕೆಂಪು ಮಣ್ಣು

ಪ್ರೀತಿಯ ಮೇಷ್ಟ್ರೇ,

ನಿಮ್ಮ ಚೀಟಿಯ ನಮಸ್ಕಾರಗಳು. ಒಣಗಿಸಿದ ಗಿಡಗಳಿಗೆಲ್ಲ ಹೆಸರು, ಜಾಗ ಬರೆದ ಚೀಟಿ ಅಂಟಿಸುತ್ತಿದ್ದವಳಿಗೆ ನೀವೇ ಇಟ್ಟ ಹೆಸರು, ನೆನಪಿದೆಯೇ? ಇದನ್ನು ನಿಮ್ಮ ಮಗಳು ಓದಿ ಹೇಳುತ್ತಾಳೆ. ನಿಮಗೆ ಎಷ್ಟು ತಲುಪುತ್ತದೋ ಗೊತ್ತಿಲ್ಲ, ನಾಲ್ಕು ದಿನದಿಂದ ನನ್ನ ತಲೆಯೂ ಮೊಸರುಗಡಿಗೆಯಾಗಿದೆ.

ಹೊಳೆಯ ಈಚೆಯ ಬೆಟ್ಟದ ಕಾಡನ್ನು ಕಡಿದು ಅದಿರು ತೆಗೆಯಲು ಕಂಪನಿ ಬಂದಿದೆ. ಬೇರೆಲ್ಲೂ ಬೆಳೆಯದ ಒಂದು ಗಿಡ ಅಲ್ಲಿದೆಯೆಂದು ತೋರಿಸಿದರೆ ಅನುಮತಿ ಕೊಡುವುದಿಲ್ಲ ಎಂದು ವಿಚಾರಣೆಯ ಅಧಿಕಾರಿ ಹೇಳಿದ್ದಾರೆ. ಇದೆಯಲ್ಲ, ನಮ್ಮ ನೀಲಿ ಹೂವಿನ ಗಿಡ! ಆದರೆ ಅದು ಹೂ ಬಿಡುವುದು ಒಂಬತ್ತು ವರ್ಷಕ್ಕೊಮ್ಮೆ. ಇನ್ನೂ ಮೂರು ವರ್ಷ ಬಾಕಿ. ಹೂವಿಲ್ಲದಾಗ ಅದನ್ನು ಹುಲ್ಲಿನಿಂದ ಬೇರೆ ಮಾಡಲು ನಿಮಗೇ ಆಗುತ್ತಿರಲಿಲ್ಲ. ಉಳಿದ ಸಾಕ್ಷಿ ಒಂದೇ, ಹಿಂದೆ ಆ ಗಿಡವನ್ನು ಕಿತ್ತು ಒಣಗಿಸಿ ಅಂಟಿಸಿದ, ನಮ್ಮ ಕಪಾಟಿನ ಹಾಳೆ. ಅದರ ಚೀಟಿಯಲ್ಲಿ ನನ್ನ ಗುಂಡಗಿನ ಅಕ್ಷರದಲ್ಲಿ ಬರೆದಿರುವುದು ‘ಹೊಳೆಯಾಚೆಯ ಬೆಟ್ಟ’.

ಅವತ್ತು ನೀವು ಹಾಗೆ ಬರೆಯಲು ಹೇಳಿದಾಗ ನನ್ನ ಪೆನ್ನು ನಿಂತಿತ್ತು. “ನಿಜವಾದ ಜಾಗ ಬರೆದ್ರೆ ಗಿಡ ಕದಿಯೋರು ನಾಳೆನೇ ಬುಟ್ಟಿ ಹಿಡ್ಕೊಂಡು ಬರ್ತಾರೆ. ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಕು,” ಅಂದಿರಿ. ನೀವು ಹೇಳಿದ ಮೇಲೆ ಮುಗಿಯಿತು, ಬರೆದುಬಿಟ್ಟೆ. ಗಿಡವನ್ನು ಕಾಪಾಡಿದೆವೆಂದು ಹೆಮ್ಮೆಯೂ ಆಗಿತ್ತು.

ಕಳೆದ ವಾರ ಫೋನಿನಲ್ಲಿ ಇದನ್ನೇ ಕೇಳಿದರೆ, “ಅದು ಆಚೆ ಬೆಟ್ಟದ್ದೇ ಕಣೇ, ಚೀಟೀಲೇ ಇದ್ಯಲ್ಲ, ನೋಡು,” ಅಂದಿರಿ. ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಮರೆತಿರುವುದು ನೀವೋ, ನಾನೋ? ಆ ಗಿಡ ಸಿಕ್ಕ ದಿನ ನನ್ನ ಚಪ್ಪಲಿ ಕಿತ್ತುಹೋಗಿ ನೀವು ಬಳ್ಳಿಯಲ್ಲಿ ಕಟ್ಟಿಕೊಟ್ಟದ್ದು ಯಾವ ಬೆಟ್ಟದಲ್ಲಿ? ಎರಡನ್ನೂ ಅದೆಷ್ಟು ಸಲ ಹತ್ತಿದ್ದೇವೆ. ಯೋಚಿಸಿದಷ್ಟೂ ಎರಡೂ ಒಂದೇ ಆಗಿ ಕಲಸಿಹೋಗುತ್ತಿವೆ.

ನಿನ್ನೆ ಹಾಳೆಯನ್ನು ತೆಗೆದು ನೋಡಿದೆ. ಬೇರಿನ ಸಂದಿಯಲ್ಲಿ ಕೆಂಪು ಮಣ್ಣು. “ಬೇರು ತೊಳೆಯೋಕೂ ಸೋಮಾರಿತನಾನಾ? ಮುಖನಾದ್ರೂ ತೊಳೀತೀಯೋ ಇಲ್ವೋ?” ಎಂದು ಅವತ್ತು ನೀವು ಇದಕ್ಕೇ ಎಲ್ಲರೆದುರು ಬೈದಿದ್ದಿರಿ. ಹೊಳೆಯಾಚೆ ಇರುವುದೆಲ್ಲ ಸುಣ್ಣದ ಕಲ್ಲು, ಔಷಧಿಗೆ ಬೇಕೆಂದರೂ ಕೆಂಪು ಮಣ್ಣು ಸಿಗದು. ಕಂಪನಿಯವರು ಸಭೆಯಲ್ಲಿ ಶೀಸೆಯಲ್ಲಿಟ್ಟು ತೋರಿಸಿದ ಅದಿರಿನ ಮಣ್ಣಿನದು ಇದೇ ಬಣ್ಣ. ಅವರು ಅಗೆಯಬೇಕೆಂದಿರುವ ಮಣ್ಣೇ ನಮ್ಮ ಗಿಡದ ಬೇರಿಗೆ ಅಂಟಿಕೊಂಡಿದೆ. ಹಾಳೆಯನ್ನು ಹಿಡಿದುಕೊಂಡು ಅತ್ತುಬಿಟ್ಟೆ.

ಆದರೆ ಮಣ್ಣಿನ ಮಾತು ನಂಬಿ ಎನ್ನಬೇಕಾದರೆ ಚೀಟಿ ಸುಳ್ಳು ಎನ್ನಬೇಕು. “ಇದೊಂದೇ ಸುಳ್ಳೋ, ನಿಮ್ಮ ಮೇಷ್ಟ್ರ ಹನ್ನೆರಡು ಸಾವಿರ ಹಾಳೆಗಳೂ ಸುಳ್ಳೋ?” ಎಂದು ಕಂಪನಿಯ ವಕೀಲರು ಕೇಳದೆ ಬಿಡುತ್ತಾರೆಯೇ? ನನ್ನದೇ ಕೈತಪ್ಪು ಎಂದರೆ ಅದು ಇನ್ನೊಂದು ಸುಳ್ಳು. ಜಾಗ ಬಯಲಾದರೆ ಬುಟ್ಟಿಯವರು ಬರುತ್ತಾರೆ, ಆಗದಿದ್ದರೆ ಯಂತ್ರಗಳು ಬರುತ್ತವೆ. ನೀವು ಮರೆತು ಹಾಯಾಗಿ ಕೂತಿದ್ದೀರಿ. ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ, ಮೇಷ್ಟ್ರೇ.

ನಾಳೆ ಹನ್ನೊಂದಕ್ಕೆ ವಿಚಾರಣೆ. ಹಳೆಯ ಚೀಟಿಯನ್ನು ಎಂದೂ ಕೀಳಬಾರದು, ತಿದ್ದಿದ್ದನ್ನು ಅದರ ಕೆಳಗೆ ಅಂಟಿಸಬೇಕು ಎಂದು ಕಲಿಸಿದವರು ನೀವು. ಹಾಗೆಯೇ ಮಾಡಿದ್ದೇನೆ: ‘ಈಚೆಯ ಬೆಟ್ಟ. ಮೊದಲಿನ ಚೀಟಿಯನ್ನು ಬೇಕೆಂದೇ ತಪ್ಪಾಗಿ ಬರೆಯಲಾಗಿದೆ.’ ಬರೆದವಳ ಜಾಗದಲ್ಲಿ ನನ್ನ ಹೆಸರಿದೆ. ಬರೆಸಿದವರ ಜಾಗ ಖಾಲಿ ಬಿಟ್ಟಿದ್ದೇನೆ. ಕೇಳಿದರೆ ಬಾಯಿಗೆ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಬೆಟ್ಟ ಉಳಿದರೆ, ಹೂ ಬಿಟ್ಟಾಗ ನಿಮ್ಮನ್ನು ಹೊತ್ತುಕೊಂಡಾದರೂ ಕರೆದೊಯ್ಯುತ್ತೇನೆ. ಯಾವ ಬೆಟ್ಟವೆಂದು ಆಗ ನೀವೇ ಹೇಳಿ. ಅಲ್ಲಿಯವರೆಗೆ ಆರೋಗ್ಯವಾಗಿರಿ. ಬೈಯಬೇಕೆನಿಸಿದರೆ ಚೆನ್ನಾಗಿ ಬೈಯಿರಿ, ಅದನ್ನೇ ಆಶೀರ್ವಾದವೆಂದು ತಲೆಯ ಮೇಲಿಟ್ಟುಕೊಂಡು ಹೋಗುತ್ತೇನೆ.

ಬೇರು ತೊಳೆಯದ ನಿಮ್ಮ
ಚೀಟಿ